ಅಪ್ಪ ಕೊಡಿಸಿದ ಪಿಸಿಗೆ ಹೊಸ ಕಾರ್ಡ್

2025ರ ಅಕ್ಟೋಬರ್ 10ಕ್ಕೆ ‘ಬ್ಯಾಟಲ್‌ಫೀಲ್ಡ್ 6’ ಬಂತು. ಅದರಲ್ಲಿ ಒಂದು ಸ್ಕ್ವಾಡ್ ಅಂದ್ರೆ ನಾಲ್ಕು ಜನ. ಕಾಲೇಜಲ್ಲಿ ನಾವೂ ನಾಲ್ವರೇ. ಈಗ ಇಬ್ಬರು ವಿದೇಶದಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿ, ನಾನು ರಾಮಮೂರ್ತಿ ನಗರದಲ್ಲಿ. ವಾರಕ್ಕೊಮ್ಮೆ ಆಟದ ನೆಪದಲ್ಲೇ ನಮ್ಮ ಹರಟೆ.

ಆಟಕ್ಕೆ ಕನಿಷ್ಠ ಬೇಕಿರೋದು ಐ5-8400 ಪ್ರೊಸೆಸರ್, 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 2060 ಕಾರ್ಡ್. ಇಷ್ಟಿದ್ದರೂ ಸಿಗೋದು 1080ಪಿಯಲ್ಲಿ ಸೆಕೆಂಡಿಗೆ 30 ಫ್ರೇಮ್ ಮಾತ್ರ. 2018ರಲ್ಲಿ ಅಪ್ಪ ಚೀಟಿ ಎತ್ತಿ ಕೊಡಿಸಿದ ಪಿಸಿಯಲ್ಲಿ ಪ್ರೊಸೆಸರ್ ಅದೇ. ರ‍್ಯಾಮ್ ಅರ್ಧ, ಕಾರ್ಡ್ ಜಿಟಿಎಕ್ಸ್ 1060. ಮೋಸದಾಟ ತಡೆಯೋಕೆ ಸೆಕ್ಯೂರ್ ಬೂಟ್ ಕೂಡ ಆನ್ ಇರಬೇಕು. ನನ್ನ ಡಿಸ್ಕ್ ಹಳೇ ಎಂಬಿಆರ್ ಮಾದರಿಯದು. ಜಿಪಿಟಿಗೆ ಬದಲಿಸಿ, ಬಯೋಸ್‌ನಲ್ಲಿ ಆನ್ ಮಾಡಿದೆ. ಅದೊಂದೇ ಪುಕ್ಕಟೆ ಆಗಿದ್ದು.

ಶನಿವಾರ ಎಸ್‌ಪಿ ರೋಡಿಗೆ ಹೋಗಿ ರ‍್ಯಾಮ್, ಸೆಕೆಂಡ್ ಹ್ಯಾಂಡ್ 2060 ತಂದೆ.

“ಇಷ್ಟು ದುಡ್ಡು ಒಂದು ಆಟಕ್ಕಾ?” ಅಂದರು ಅಪ್ಪ.

“ಆಟಕ್ಕಲ್ಲಪ್ಪಾ, ಹುಡುಗರ ಜೊತೆ ಮಾತಾಡೋಕೆ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮಗೆ ಊರಲ್ಲಿ ಅರಳೀಕಟ್ಟೆ ಇತ್ತು ಬಿಡು” ಅಂತ ಎದ್ದು ಹೋಗಿ ಟಾರ್ಚ್ ತಂದರು. ನಾನು ಕಾರ್ಡ್ ಕೂರಿಸೋವರೆಗೂ ಬೆಳಕು ಹಿಡಿದು ನಿಂತಿದ್ದರು.