ಬರೆದುಕೊಡದ ಒಂದು ಕಾಗದ

ಕಳೆದ ವರ್ಷದ ಆಷಾಢದಲ್ಲಿ, ಸೌಪರ್ಣಿಕೆ ಕೆಂಪಾಗಿ ತುಂಬಿ ಹರಿಯುತ್ತಿದ್ದ ಒಂದು ಸಂಜೆ, ಸಿಡ್ನಿಯಿಂದ ನನಗೊಂದು ಫೋನು ಬಂತು. ಕರೆ ಮಾಡಿದವನು ನನ್ನ ವಿದ್ಯಾರ್ಥಿಯಲ್ಲ, ವಿದ್ಯಾರ್ಥಿಯ ಮಗ. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಹೆಚ್ಚಿನ ಓದಿಗೆ ಅಲ್ಲಿಗೆ ಹೋದ ಹುಡುಗ. ಕುಶಲ ಪ್ರಶ್ನೆಗಳಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾನೊಂದು ಪರೀಕ್ಷೆ ಪಾಸಾದೆ. ಅಜ್ಜಿಗೆ ಹೇಳಲು ಧೈರ್ಯ ಬರುತ್ತಿಲ್ಲ. ನಿಮ್ಮಿಂದ ಹೇಳಿಸು ಎಂದು ಅಪ್ಪ ಅಂದರು" ಎಂದ.

ಅದು ಮದ್ಯವನ್ನು ಜವಾಬ್ದಾರಿಯಿಂದ ಬಡಿಸುವ ಬಗೆಯನ್ನು ಕಲಿಸುವ ತರಬೇತಿಯ ಪರೀಕ್ಷೆ. ವಿದ್ಯಾರ್ಥಿಗಳಾಗಿ ಹೋದವರು ಓದಿನ ದಿನಗಳಲ್ಲಿ ಹದಿನೈದು ದಿನಕ್ಕೆ 48 ಗಂಟೆ ದುಡಿಯಬಹುದೆಂಬುದು ಆಸ್ಟ್ರೇಲಿಯಾದ ನಿಯಮ. ಹುಡುಗನಿಗೆ ಒಂದು ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತ್ತು. ಆದರೆ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈ ತರಬೇತಿಯ ಕಾರ್ಡು ಇಲ್ಲದವನು ಒಂದು ಲೋಟ ಬಿಯರನ್ನೂ ಬಡಿಸುವಂತಿಲ್ಲ. ಐದು ವರ್ಷಕ್ಕೊಮ್ಮೆ ಆ ಕಾರ್ಡನ್ನು ನವೀಕರಿಸಿಕೊಳ್ಳಬೇಕು.

ಇದನ್ನು ಅಜ್ಜಿಗೆ ಹೇಳಲು ನಾನೇ ಏಕೆ ಬೇಕು ಎಂದು ನೀವು ಕೇಳಬಹುದು. ಕಾರಣ ನನಗೆ ಗೊತ್ತಿತ್ತು. ಅದು ಮೂವತ್ತು ವರ್ಷಕ್ಕೂ ಹಿಂದಿನ ಮಾತು.

1991. ಉಡುಪಿ ಜಿಲ್ಲೆ ಇನ್ನೂ ಆಗಿರಲಿಲ್ಲ, ನಮ್ಮದು ದಕ್ಷಿಣ ಕನ್ನಡ. ನಾನು ಬಿ.ಎಡ್. ಮುಗಿಸಿ ವಿಜ್ಞಾನದ ಅಧ್ಯಾಪಕನಾಗಿ ಸೇರಿ ಕೆಲವೇ ವರ್ಷಗಳಾಗಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ ಹುಡುಗನೊಬ್ಬ ತಾಯಿಯೊಡನೆ ನಮ್ಮ ಮನೆಯ ಜಗಲಿಗೆ ಬಂದ. ಬೊಂಬಾಯಿಯಲ್ಲಿ ನಮ್ಮ ತಾಲೂಕಿನವರೇ ಒಬ್ಬರು ನಡೆಸುತ್ತಿದ್ದ ಹೋಟೆಲಿನಲ್ಲಿ ಕೆಲಸವಿತ್ತು. ಹುಡುಗ ಪ್ರಾಮಾಣಿಕನೆಂದು ಶಾಲೆಯ ಮೇಷ್ಟ್ರು ಎರಡು ಸಾಲು ಬರೆದುಕೊಟ್ಟರೆ ಸೇರಿಸಿಕೊಳ್ಳುವುದಾಗಿ ಅವರು ಹೇಳಿದ್ದರಂತೆ. ಕಾಗದ ಪೆನ್ನು ತೆಗೆದುಕೊಂಡು ಬರೆಯಲು ಕುಳಿತೆ. ಮಾತಿಗೆ ಮಾತು ಬಂದಾಗ, ಅದು ಪರ್ಮಿಟ್ ರೂಮ್ ಇರುವ ಹೋಟೆಲೆಂದು ತಿಳಿಯಿತು. ಪೆನ್ನಿನ ಕ್ಯಾಪು ಮುಚ್ಚಿದೆ. "ಹೆಂಡ ಬಡಿಸುವ ಕೆಲಸಕ್ಕೆ ನಾನು ಕಾಗದ ಕೊಡುವುದಿಲ್ಲ. ಅದೂ ಒಂದು ಕೆಲಸವೇ?" ಎಂದುಬಿಟ್ಟೆ. ಆ ತಾಯಿ ತಲೆ ತಗ್ಗಿಸಿದರು. ಇಬ್ಬರೂ ಮಾತಾಡದೆ ಅಂಗಳ ಇಳಿದು ಹೋದರು.

ನನ್ನ ಕೋಪಕ್ಕೊಂದು ಹಿನ್ನೆಲೆಯಿತ್ತು. ನಾನು ಕಾಲೇಜಿನಲ್ಲಿದ್ದಾಗ, ಒಂದು ಮಳೆಗಾಲದ ರಾತ್ರಿ, ನನ್ನ ಸೋದರಮಾವ ಗಡಂಗಿನಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಹೊಳೆಗೆ ಬಿದ್ದ. ಎರಡು ದಿನಗಳ ಅನಂತರ ಕೆಳಗಿನ ಗದ್ದೆಯ ಬೇಲಿಯಲ್ಲಿ ಸಿಕ್ಕಿದ. ಗಡಂಗಿನವನು ದುಷ್ಟನೇನಲ್ಲ, ನೆರೆಯವನೇ. "ಕೇಳಿದರು, ಕೊಟ್ಟೆ. ಕೊಡುವುದು ನನ್ನ ಕೆಲಸ ಅಮ್ಮಾ" ಎಂದು ನನ್ನ ಅಜ್ಜಿಯ ಮುಂದೆ ಅತ್ತ. ಆ ಒಂದು ಮಾತು ನನ್ನೊಳಗೆ ಹಾಗೆಯೇ ಕುಳಿತಿತ್ತು. ಬಡಿಸುವವರೆಲ್ಲರೂ ನನ್ನ ಪಾಲಿಗೆ ಅವನೇ ಆಗಿಹೋದರು.

ಹುಡುಗ ಹೇಗೋ ಬೊಂಬಾಯಿ ಸೇರಿದ. ಮೊದಲು ಮೇಜು ಒರೆಸಿದ, ರಾತ್ರಿ ಶಾಲೆಗೆ ಸೇರಿ ಎಸ್ಸೆಸ್ಸೆಲ್ಸಿ ದಾಟಿದ, ಮುಂದೆ ಅದೇ ಪರ್ಮಿಟ್ ರೂಮಿನಲ್ಲಿ ವೇಟರ್ ಆದ. ಹದಿನೆಂಟು ವರ್ಷ ದುಡಿದು ಊರಿಗೆ ಮರಳಿ, ಯಾತ್ರಿಕರಿಗಾಗಿ ಒಂದು ಸಸ್ಯಾಹಾರಿ ಹೋಟೆಲು ಹಾಕಿದ. ನನ್ನನ್ನು ಕಂಡಾಗಲೆಲ್ಲ ಕಾಲಿಗೆರಗುತ್ತಾನೆ, ಹಳೆಯದನ್ನು ಎತ್ತಿದವನಲ್ಲ. ಆದರೆ ಮಗನ ಫೋನು ಬಂದ ಮರುದಿನ ಅವನೇ ಮನೆಗೆ ಬಂದು ಹೇಳಿದ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಆ ಹದಿನೆಂಟು ವರ್ಷವೂ ಅವನು ತಾಯಿಗೆ ಇಡ್ಲಿ ದೋಸೆ ಹೋಟೆಲಿನಲ್ಲಿ ಕೆಲಸ ಎಂದೇ ಹೇಳಿದ್ದನಂತೆ. "ನೀವು ಬೇಡ ಅಂದ ಕೆಲಸ ಅಂತ ಅಮ್ಮನಿಗೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು ಮಾಷ್ಟ್ರೇ. ಹಾಗಾಗಿ ಸುಳ್ಳು ಹೇಳಿದೆ. ಈಗ ನನ್ನ ಮಗ, ನಾನು ಸುಳ್ಳು ಹೇಳುವುದಿಲ್ಲ ಅಂತಿದ್ದಾನೆ" ಎಂದ.

ತರಗತಿಯಲ್ಲಿ ಸತ್ಯವನ್ನು ಕುರಿತು ಎಷ್ಟು ಪಾಠ ಮಾಡಿದ್ದೆನೋ ಲೆಕ್ಕವಿಲ್ಲ. ಒಬ್ಬ ಮಗ ತಾಯಿಗೆ ಹದಿನೆಂಟು ವರ್ಷ ಸುಳ್ಳು ಹೇಳುವಂತೆ ಮಾಡಿದವನೂ ನಾನೇ.

ಆ ವೃದ್ಧೆಯ ಬಳಿ ಹೋಗುವ ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಹುಡುಗನಿಂದ ಫೋನಿನಲ್ಲೇ ಪಾಠ ಹೇಳಿಸಿಕೊಂಡೆ. ಎರಡು ಸಂಜೆ ಅವನು ಮೇಷ್ಟ್ರು, ನಾನು ವಿದ್ಯಾರ್ಥಿ.

ಮೊದಲ ಪಾಠ ಅಳತೆಯದು. ಹತ್ತು ಗ್ರಾಂ ಶುದ್ಧ ಆಲ್ಕೋಹಾಲು ಇದ್ದರೆ ಅದು ಅಲ್ಲಿನ ಲೆಕ್ಕದಲ್ಲಿ ಒಂದು ಪ್ರಮಾಣ. ವಿಜ್ಞಾನದ ಮೇಷ್ಟ್ರಾದ ನಾನು ಕೂಡಲೇ ನಮ್ಮ ಕಡೆಯ ಲೆಕ್ಕ ಹಾಕಿದೆ. ನಮ್ಮ ಬ್ರಾಂದಿ, ವಿಸ್ಕಿಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೋಹಾಲು. 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಅದು ಹೆಚ್ಚುಕಡಿಮೆ ಹತ್ತು ಗ್ರಾಂ. ಹಾಗಾದರೆ 180 ಮಿಲಿಲೀಟರಿನ ಒಂದು ಕ್ವಾರ್ಟರ್ ಎಂದರೆ ಆರು ಪ್ರಮಾಣ. ಶೇಕಡಾ 8ರ ಕಡುಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ನಾಲ್ಕು ಪೆಗ್ಗಿನಷ್ಟಿದೆ. "ನಾನು ಬರೀ ಬಿಯರು" ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಒಂದು ಪ್ರಮಾಣವನ್ನು ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ, ಯಾವುದೂ ಆ ಕೆಲಸವನ್ನು ಬೇಗ ಮಾಡಿಸಲಾರದು. ಅದಕ್ಕೆ ಮದ್ದು ಕಾಲವೊಂದೇ.

ಎರಡನೆಯ ಪಾಠ ನೋಡುವುದರದು. ಮಾತು ತೊದಲುವುದು, ದನಿ ಏರುವುದು, ಲೋಟ ತುಳುಕುವುದು, ನಡಿಗೆ ತಪ್ಪುವುದು, ಇವನ್ನು ಗಮನಿಸುತ್ತಿರಬೇಕು. ಆದರೆ ಅವಸರದ ತೀರ್ಮಾನ ಸಲ್ಲದು. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಇಳಿದಾಗಲೂ, ಪಾರ್ಶ್ವವಾಯು ಬಡಿದಾಗಲೂ ಲಕ್ಷಣ ಹೀಗೆಯೇ ಕಾಣಬಹುದು. ಎಳೆಯ ಮುಖ ಕಂಡರೆ ವಯಸ್ಸಿನ ದಾಖಲೆ ಕೇಳಲೇಬೇಕು.

ಮೂರನೆಯದು ಇಲ್ಲವೆನ್ನುವ ಪಾಠ. ಹುಡುಗ ಇದೇ ಕಷ್ಟದ್ದು ಎಂದ. ಮೊದಲು ನೀರು ಕೊಡಬೇಕು, ತಿನ್ನಲು ಏನಾದರೂ ಇಡಬೇಕು, ಬಡಿಸುವುದನ್ನು ನಿಧಾನಿಸಬೇಕು. ಮಿತಿ ದಾಟಿತೆಂದರೆ ಸ್ನೇಹಿತರೆದುರು ಅವಮಾನವಾಗದಂತೆ, ಪಕ್ಕಕ್ಕೆ ಬಂದು, ಮೆಲುದನಿಯಲ್ಲಿ, ಇನ್ನು ಕೊಡಲಾರೆನೆಂದು ಹೇಳಬೇಕು. ವಾದಕ್ಕಿಳಿಯಬಾರದು. ಜೊತೆಯ ಕೆಲಸಗಾರರಿಗೆ ತಿಳಿಸಬೇಕು. ಕೊನೆಯಲ್ಲಿ ಅವನು ಮನೆ ಸೇರುವ ದಾರಿಯನ್ನೂ ವಿಚಾರಿಸಬೇಕು. ಅಮಲೇರಿದವನಿಗೆ ಮತ್ತೆ ಬಡಿಸಿದರೆ ಮಾಲೀಕನಿಗೆ ಮಾತ್ರವಲ್ಲ, ಬಡಿಸಿದ ಕೈಗೂ ದಂಡ. ಅದು 11,000 ಡಾಲರುಗಳವರೆಗೆ ಹೋಗಬಹುದು. ಅಮೆರಿಕದಲ್ಲೂ ಮೋರಿಸ್ ಚಾಫೆಟ್ಸ್ ಎಂಬ ವೈದ್ಯರು 1982ರಲ್ಲೇ ಇಂಥದೊಂದು ತರಬೇತಿಯನ್ನು ಆರಂಭಿಸಿದರಂತೆ.

ಇದನ್ನೆಲ್ಲ ಅವನ ಅಪ್ಪನಿಗೆ ಹೇಳಿದಾಗ ಅವನು ನಕ್ಕ. "ನಾವೂ ಅದನ್ನೇ ಮಾಡಿದ್ದು ಮಾಷ್ಟ್ರೇ, ಸರ್ಟಿಫಿಕೇಟು ಇರಲಿಲ್ಲ ಅಷ್ಟೆ" ಎಂದ. ಹೆಚ್ಚಾಯಿತೆಂದು ಕಂಡರೆ ಐಸು ತರಲು ಹೋದವನು ಬೇಕೆಂದೇ ತಡಮಾಡುತ್ತಿದ್ದನಂತೆ. ಕೇಳದಿದ್ದರೂ ಶೇಂಗಾ, ನೀರು ತಂದಿಡುತ್ತಿದ್ದನಂತೆ. ಊರಿನ ಕಡೆಯ ಗಿರಾಕಿಗಳಾದರೆ ಕಿವಿಯ ಹತ್ತಿರ, "ಇವತ್ತಿಗ್ ಸಾಕ್ ಕಾಣಿ, ಮನೆಗ್ ಹೋಯ್ನಿ" ಎಂದು ಹೇಳಿ ರಿಕ್ಷಾ ಹತ್ತಿಸುತ್ತಿದ್ದನಂತೆ. ಮಾಲೀಕರು ವ್ಯಾಪಾರ ಕೆಡುತ್ತದೆಂದು ಮೊದಲು ಬೈದರು. ಹಾಗೆ ಮನೆ ಸೇರಿದವರು ಮರುವಾರ ಮತ್ತೆ ಬಂದದ್ದನ್ನು ಕಂಡು ಸುಮ್ಮನಾದರು. ನಾನು ಯಾರನ್ನು ಗಡಂಗಿನವನೆಂದು ತಿಳಿದಿದ್ದೆನೋ ಅವನು ಎಷ್ಟೋ ಮನೆಗಳ ಸೋದರಮಾವಂದಿರನ್ನು ಸಂಕ ದಾಟಿಸಿದ್ದ!

ನಮ್ಮಲ್ಲಿ ಕಾನೂನುಗಳಿಲ್ಲವೆಂದಲ್ಲ. ಪಾನನಿರೋಧಕ್ಕೆ ಸರ್ಕಾರ ಶ್ರಮಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಎಷ್ಟೋ ಮನೆಗಳನ್ನು ನುಂಗಿದ ಕೊಟ್ಟೆ ಸಾರಾಯಿ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ನಿಷೇಧವಾಯಿತು. ಮದ್ಯಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾಪ 2023ರ ಜನವರಿಯಲ್ಲಿ ಬಂದು, ವಿರೋಧದಿಂದಾಗಿ ಹಿಂದೆ ಹೋಯಿತು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲು ಇಟ್ಟುಕೊಂಡು ವಾಹನ ಓಡಿಸಿದರೆ ಅಪರಾಧ, 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಸೆರೆವಾಸ. ಬಾಟಲಿಯ ಮೇಲೂ ಎಚ್ಚರಿಕೆಯ ಮಾತಿದೆ. ಕುಡಿಯುವವನಿಗೆ, ಮಾರುವವನಿಗೆ, ಬಾಟಲಿಗೆ ಎಲ್ಲಕ್ಕೂ ನಿಯಮವಿದೆ. ಬಡಿಸುವ ಹುಡುಗನಿಗೆ ಮಾತ್ರ ಯಾರೂ ಏನನ್ನೂ ಕಲಿಸುವುದಿಲ್ಲ. ಮಣಿಪಾಲದಲ್ಲಿ 1986ರಿಂದಲೂ ಹೋಟೆಲ್ ಆಡಳಿತದ ಹೆಸರಾಂತ ಕಾಲೇಜಿದೆ. ಆದರೆ ಹೆದ್ದಾರಿಯ ಪಕ್ಕದ ಬಾರಿನಲ್ಲಿ ಬಡಿಸುವವನು ಅಂಥ ಮೆಟ್ಟಿಲು ಹತ್ತಿದವನಲ್ಲ. ಗ್ರಾಹಕ ತೂರಾಡುತ್ತ ಬೈಕಿನ ಕೀಲಿ ತೆಗೆಯುವುದನ್ನು ಮೊದಲು ಕಾಣುವವನು ಅವನೇ.

ಒಂದು ಭಾನುವಾರ ಆ ತಾಯಿಯ ಮನೆಗೆ ಹೋದೆ. ಎಂಬತ್ತು ದಾಟಿದ ಜೀವ, ಕಿವಿ ಮಂದ. ಮೊಮ್ಮಗ ಇಲ್ಲೇ ಅಮ್ಮನವರ ಸನ್ನಿಧಿಯಲ್ಲಿ, ವಿಜಯದಶಮಿಯ ದಿನ, ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆದವನು. ಆ ಕೈ ಈಗ ಏನು ಮಾಡುತ್ತಿದೆ ಎಂಬುದನ್ನು ನಿಧಾನವಾಗಿ, ಏನನ್ನೂ ಮುಚ್ಚಿಡದೆ ಹೇಳಿದೆ. ಅವನ ಅಪ್ಪನ ಬೊಂಬಾಯಿಯ ಕೆಲಸವನ್ನೂ, ಅವನ ಒಪ್ಪಿಗೆ ಪಡೆದು, ಹೇಳಿದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು.

"ಅಂದ್ ಬ್ಯಾಡ ಅಂದದ್ದ್ ನೀವೇ ಅಲ್ದಾ ಮಾಷ್ಟ್ರೇ?"

"ಹೌದಮ್ಮಾ. ತಪ್ಪು ಮಾಡಿದೆ. ಆ ದಿನ ನಾನು ಕಾಗದ ಬರೆದುಕೊಡಬೇಕಿತ್ತು."

ಅದಕ್ಕೆ ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕುಡ್ದವ್ರನ್ನ ಮನಿಗ್ ಕಳ್ಸುಕೂ ಕಲಿಸ್ತ್ರಾ ಅಲ್ಲಿ?" ಎಂದು ಕೇಳಿದರು. ಕಲಿಸುತ್ತಾರೆ ಎಂದೆ. "ಹಾಂಗಾರ್ ಅಡ್ಡಿಲ್ಲೆ" ಎಂದು ಒಳಗೆ ಹೋಗಿ ನನಗೆ ಬೆಲ್ಲ, ನೀರು ತಂದಿಟ್ಟರು. ಮಗನ ಹದಿನೆಂಟು ವರ್ಷದ ಸುಳ್ಳಿನ ಬಗ್ಗೆ ಮಾತೆತ್ತಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತೋ ಏನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಾನು ಕುಡಿತವನ್ನು ಸಮರ್ಥಿಸುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಎಷ್ಟೇ ಅಲ್ಪವಾದರೂ ಮದ್ಯ ಆರೋಗ್ಯಕ್ಕೆ ಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ನನ್ನ ಮತವೂ ಅದೇ. ಆದರೆ ನಿಮ್ಮಲ್ಲಿ ಅನೇಕರು ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲು ನಡೆಸುತ್ತಿದ್ದೀರಿ, ಕೆಲವರು ಬಾರುಗಳನ್ನೂ ನಡೆಸುತ್ತಿದ್ದೀರಿ. ನಿಮ್ಮಲ್ಲಿ ದುಡಿಯುವ ಹುಡುಗರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ಆ ಮೂರು ಪಾಠ ಹೇಳಿ. ಇಲ್ಲವೆಂದ ಹುಡುಗನನ್ನು ಗಿರಾಕಿಯ ಮುಂದೆ ಬೈಯಬೇಡಿ, ಅವನ ಬೆನ್ನಿಗೆ ನಿಲ್ಲಿ. ಸರ್ಕಾರ ಕಡ್ಡಾಯ ಮಾಡುವವರೆಗೆ ಕಾಯಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಮೊನ್ನೆ ಆ ಹುಡುಗನಿಗೆ ಹೊಸ ಕೆಲಸಕ್ಕೆ ಅರ್ಜಿ ಹಾಕಲು ಊರಿನ ಒಬ್ಬರ ಪರಿಚಯ ಪತ್ರ ಬೇಕಿತ್ತು. ಎರಡು ಸಾಲಲ್ಲ, ಒಂದು ಪುಟ ಬರೆದುಕೊಟ್ಟೆ. ಅದರಲ್ಲಿ ಅವನ ಅಪ್ಪನ ವಿಷಯವೂ ಇದೆ.