ದಾರಂದಕ್ಕೂ ಗೋಡೆಗೂ ನಡುವೆ

ಹೊರಬಾಗಿಲಿನ ಭದ್ರತೆಯ ಮಾತು ಬಂದಾಗ ಜನರ ಗಮನ ಮೊದಲು ಬೀಗದ ಕಡೆಗೆ, ಆಮೇಲೆ ಕದದ ದಪ್ಪದ ಕಡೆಗೆ ಹೋಗುತ್ತದೆ. ಕದವನ್ನು ಹೊತ್ತು ನಿಂತಿರುವ ದಾರಂದವನ್ನು, ಅದು ಗೋಡೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು ನೋಡುವವರು ಕಡಿಮೆ. ದಾರಂದವೆಂದರೆ ಬಾಗಿಲಿನ ಚೌಕಟ್ಟು. ಎರಡು ನಿಲುವುಗಳು, ಮೇಲೊಂದು ಅಡ್ಡಪಟ್ಟಿ, ಕೆಳಗೊಂದು ಹೊಸ್ತಿಲು ಸೇರಿ ಆಗುವ ಇದನ್ನು ಕೆಲವು ಕಡೆ ಬಾಗಿಲುವಾಡವೆಂದೂ ಕರೆಯುತ್ತಾರೆ. ಬೆಂಗಳೂರು ಮತ್ತು ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಐದಾರು ದಶಕಗಳಿಂದ ಮನೆ ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡುತ್ತ ಬಂದವರ ಕಣ್ಣೆದುರಿನಲ್ಲೇ ದಾರಂದದ ಮರ, ಅದನ್ನು ಮಾಡುವ ಕೈ, ಅದನ್ನು ನಿಲ್ಲಿಸುವ ಕ್ರಮ ಮೂರೂ ಬದಲಾದವು. ಕಳ್ಳ ಒಳನುಗ್ಗುವ ದಾರಿಯೂ ಅವುಗಳ ಜೊತೆಗೇ ಬದಲಾಯಿತು.

ಮಣ್ಣಿನ ಗೋಡೆಗಳ ಕಾಲದಲ್ಲಿ ಮನೆಯ ಅತಿ ಗಟ್ಟಿಯಾದ ಭಾಗವೆಂದರೆ ಬಾಗಿಲೇ ಆಗಿತ್ತು. ಗೋಡೆ ಎರಡು ಅಡಿ ದಪ್ಪವಿದ್ದರೂ ಹಸಿ ಇಟ್ಟಿಗೆಯದೋ ಮಣ್ಣಿನ ಮುದ್ದೆಯದೋ ಆಗಿರುತ್ತಿದ್ದುದರಿಂದ, ಕದದ ತಂಟೆಗೆ ಹೋಗದೆ ಗೋಡೆಗೆ ಕನ್ನ ಹಾಕುವುದೇ ಕಳ್ಳನಿಗೆ ಸುಲಭವೂ ಸದ್ದಿಲ್ಲದ್ದೂ ಆದ ದಾರಿಯಾಗಿತ್ತು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ನುಗ್ಗುವುದು ಗೋಡೆ ಕೊರೆದೇ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 445ನೆಯ ಕಲಮು ಮನೆ ಭೇದಿಸುವ ಆರು ಬಗೆಗಳನ್ನು ಎಣಿಸುವಾಗ ಕಳ್ಳನು ತಾನೇ ಮಾಡಿಕೊಂಡ ದಾರಿಯನ್ನು ಮೊದಲಿಗೂ ಬೀಗ ತೆರೆಯುವುದನ್ನು ನಾಲ್ಕನೆಯದಾಗಿಯೂ ಹೇಳುತ್ತಿತ್ತು. ಸುಟ್ಟ ಇಟ್ಟಿಗೆ ಮತ್ತು ಸಿಮೆಂಟಿನ ಗೋಡೆಗಳು ಮಾಮೂಲಾದ ಮೇಲೆ ಕನ್ನ ಕೊರೆಯುವುದು ಹೆಚ್ಚು ಹೊತ್ತು ಹಿಡಿಯುವ, ಸದ್ದಾಗುವ ಕೆಲಸವಾಯಿತು. ಗೋಡೆ ಗಟ್ಟಿಯಾದಷ್ಟೂ ಕಳ್ಳನ ಕಣ್ಣು ಬಾಗಿಲಿನ ಕಡೆಗೆ ತಿರುಗಿತು.

ಹಳೆಯ ದಾರಂದದ ಬಲ ಅದರ ಮರದಲ್ಲಿದ್ದಷ್ಟೇ ಅದರ ಜೋಡಣೆಯಲ್ಲೂ ಇತ್ತು. ಹೊನ್ನೆ, ಮತ್ತಿ, ಹಲಸು, ಅನುಕೂಲಸ್ಥರ ಮನೆಗಳಲ್ಲಾದರೆ ತೇಗ ಅಥವಾ ಬೀಟೆಯ ನಿಲುವುಗಳ ತುದಿಯಲ್ಲಿ ನಾಲಿಗೆ ಬಿಡಿಸಿ, ಅದನ್ನು ಅಡ್ಡಪಟ್ಟಿಯ ತೂತಿಗೆ ಇಳಿಸಿ, ಎರಡನ್ನೂ ಸೇರಿಸಿ ಮರದ ಗೂಟ ಜಡಿಯುತ್ತಿದ್ದರು. ಅಡ್ಡಪಟ್ಟಿ ಮತ್ತು ಹೊಸ್ತಿಲುಗಳ ತುದಿಗಳು ನಿಲುವುಗಳಿಂದಾಚೆಗೆ ಚಾಚಿಕೊಂಡು ಗೋಡೆಯೊಳಗೆ ಹೂತಿರುತ್ತಿದ್ದುದರಿಂದ, ಗೋಡೆಯನ್ನು ಕೆಡವದೆ ದಾರಂದವನ್ನು ಕೀಳುವಂತಿರಲಿಲ್ಲ. ಕದಕ್ಕೆ ಬಿಜಾಗರಿ ಇರುತ್ತಿರಲಿಲ್ಲ. ಕದದ ಮರದಲ್ಲೇ ಬಿಡಿಸಿದ ತಿರುಗುಣಿಗಳು ಮೇಲೂ ಕೆಳಗೂ ಕೊರೆದ ಕುಳಿಗಳಲ್ಲಿ ತಿರುಗುತ್ತಿದ್ದವು. ರಾತ್ರಿ ಒಳಗಿನಿಂದ ಹಾಕುತ್ತಿದ್ದ ಅಗುಳಿ, ಅಂದರೆ ಕದದ ಹಿಂದೆ ಅಡ್ಡಲಾಗಿ ಎಳೆಯುವ ಮರದ ತೊಲೆ, ಎರಡೂ ಪಕ್ಕದ ಗೋಡೆಗಳಲ್ಲಿ ಬಿಟ್ಟ ಗೂಡುಗಳಲ್ಲಿ ಕೂರುತ್ತಿತ್ತು. ಹೊರಗಿನಿಂದ ಯಾರಾದರೂ ಕದವನ್ನು ಗುದ್ದಿದರೆ ಆ ಪೆಟ್ಟು ದಾರಂದದ ಮೇಲೆ ಬೀಳದೆ ಅಗುಳಿಯ ಮೂಲಕ ನೇರವಾಗಿ ಗೋಡೆಗೆ ಹೋಗುತ್ತಿತ್ತು ಎಂಬುದು ಈ ಏರ್ಪಾಟಿನ ಜಾಣತನ. ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದಾಗ ಮಾತ್ರ ಅಗುಳಿಯ ನೆರವಿರುತ್ತಿರಲಿಲ್ಲ. ಆಗ ಅಡ್ಡಪಟ್ಟಿಗೆ ಸಿಕ್ಕಿಸಿದ ಸರಪಳಿ ಚಿಲಕವೂ ಅದಕ್ಕೆ ಜೋತುಬಿದ್ದ ಬೀಗವೂ ನೆರೆಹೊರೆಯವರ ಕಣ್ಣೂ ಮನೆಯನ್ನು ಕಾಯಬೇಕಾಗಿತ್ತು.

ಸಿಮೆಂಟಿನ ಮನೆಗಳ ಮೊದಲ ಕೆಲವು ದಶಕಗಳಲ್ಲಿಯೂ ದಾರಂದ ನಿಲ್ಲಿಸುವುದು ಬಡಗಿ ಮತ್ತು ಗಾರೆಯವರು ಜೊತೆಗೂಡಿ ಮಾಡುವ ಕೆಲಸವಾಗಿಯೇ ಉಳಿದಿತ್ತು. ತಳಪಾಯ ಮುಗಿದು ಗೋಡೆ ಏಳುವ ಮುನ್ನ, ಒಳ್ಳೆಯ ದಿನ ನೋಡಿ, ಹೊಸ್ತಿಲ ಕೆಳಗೆ ನವಧಾನ್ಯವನ್ನೂ ನಾಣ್ಯವನ್ನೂ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿದ ಚೌಕಟ್ಟನ್ನು ಎತ್ತಿ ನಿಲ್ಲಿಸುತ್ತಿದ್ದರು. ಬಡಗಿಯು ತೂಗುಗುಂಡು ಇಳಿಬಿಟ್ಟು ನಿಲುವು ನೆಟ್ಟಗಿದೆಯೇ ಎಂದೂ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಚೌಕ ಸರಿಯಿದೆಯೇ ಎಂದೂ ನೋಡಿದ ಮೇಲೆ ಎರಡೂ ಕಡೆ ಗಳುಗಳ ಆಸರೆ ಕೊಡುತ್ತಿದ್ದನು. ಗೋಡೆಗೆ ತಾಗುವ ಹಿಂಬದಿಗೆ ಗೆದ್ದಲು ಮತ್ತು ತೇವ ತಟ್ಟದಂತೆ ಡಾಂಬರು ಬಳಿದು, ಒಂದೊಂದು ನಿಲುವಿಗೆ ಮೂರರಂತೆ ಹೋಲ್ಡ್‌ಫಾಸ್ಟುಗಳನ್ನು ಬಿಗಿಯುತ್ತಿದ್ದರು. ಹೋಲ್ಡ್‌ಫಾಸ್ಟ್ ಎಂದರೆ ಒಂದು ತುದಿಯನ್ನು ದಾರಂದಕ್ಕೆ ಬೋಲ್ಟು ಹಾಕಿ, ಸೀಳಿ ಬಗ್ಗಿಸಿದ ಇನ್ನೊಂದು ತುದಿಯನ್ನು ಗೋಡೆಯೊಳಗೆ ಹೂಳುವ ಕಬ್ಬಿಣದ ಪಟ್ಟಿ. ಸರ್ಕಾರಿ ಕಾಮಗಾರಿಗಳ ಲೆಕ್ಕದಲ್ಲಿ ಇದು 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ, 40 ಸೆಂಟಿಮೀಟರ್ ಉದ್ದದ ಪಟ್ಟಿಯಾಗಿದ್ದು, ಅದರ ತುದಿ 30, 10, 15 ಸೆಂಟಿಮೀಟರ್ ಅಳತೆಯ ಕಾಂಕ್ರೀಟ್ ಗಟ್ಟಿಯೊಳಗೆ ಕೂರಬೇಕು. ಗಾರೆಯವನು ವರಸೆಯ ಮೇಲೆ ವರಸೆ ಇಟ್ಟಿಗೆ ಏರಿಸುತ್ತ, ಪಟ್ಟಿ ಬಂದ ಕಡೆ ಕಾಂಕ್ರೀಟು ತುಂಬುತ್ತ, ನಿಲುವಿನ ಹಿಂದಿನ ಸಂದಿಗೆ ಗಾರೆ ಗಿಡಿಯುತ್ತ ಹೋದಂತೆ ದಾರಂದವೂ ಗೋಡೆಯೂ ಒಂದಾಗುತ್ತಿದ್ದವು. ಹಳೆಯ ಮನೆಗಳ ಚಾಚು ತುದಿಗಳು ಮಾಡುತ್ತಿದ್ದ ಕೆಲಸವನ್ನು ಈಗ ಆರು ಕಬ್ಬಿಣದ ಪಟ್ಟಿಗಳು ಮಾಡುತ್ತಿದ್ದವು.

ಮುಂದಿನ ಬದಲಾವಣೆ ಮರದಿಂದ ಬಂತು. ಕಾಡಿನ ಮರ ಕಡಿಯುವುದರ ಮೇಲೆ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಬಿಗಿಯಾದ ನಿರ್ಬಂಧ ಹೇರಿದ ಬಳಿಕ ಹೊರದೇಶದ ಮರದ ವ್ಯಾಪಾರ ಬೆಳೆಯಿತು. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡುಗಳಲ್ಲಿ ಹೊನ್ನೆ, ಮತ್ತಿಗಳಿಗಿಂತ ಮಲೇಷಿಯನ್ ಸಾಲ್ ಎಂಬ ಹೆಸರೇ ಹೆಚ್ಚಾಗಿ ಕೇಳಿಬರತೊಡಗಿತು. ಮ್ಯಾನ್ಮಾರ್ 2014ರ ಏಪ್ರಿಲಿನಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ ಬರ್ಮಾ ತೇಗ ಇನ್ನಷ್ಟು ತುಟ್ಟಿಯಾಯಿತು. ಬೆಲೆ ಏರಿದಂತೆ ದಾರಂದ ತೆಳುವಾಯಿತು; ಐದು ಅಂಗುಲಕ್ಕೆ ಮೂರು ಅಂಗುಲದ ಮರ ಬೇಕೆನ್ನುತ್ತಿದ್ದ ಕಡೆ ನಾಲ್ಕಕ್ಕೆ ಎರಡೂವರೆ ಸಾಕೆನ್ನುವವರು ಹೆಚ್ಚಿದರು. ಸರಿಯಾಗಿ ಒಣಗದ ಮರ ಗೋಡೆಯಲ್ಲಿ ನಿಂತ ಮೇಲೆ ಕುಗ್ಗಿ, ಗಾರೆಗೂ ಮರಕ್ಕೂ ನಡುವೆ ಕೂದಲೆಳೆಯ ಬಿರುಕು ಬಿಡುವುದು ಸಾಮಾನ್ಯವಾಯಿತು.

ಇದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಒಂದೇ ಕೆಲಸ ನಾಲ್ಕು ಕೈಗಳಿಗೆ ಹಂಚಿಹೋದದ್ದು. ಗೋಡೆ ಕಟ್ಟುವವನು ಬಾಗಿಲಿಗೆಂದು ಜಾಗ ಬಿಟ್ಟು ಹೋಗುತ್ತಾನೆ; ಎಷ್ಟೋ ತಿಂಗಳ ಮೇಲೆ ಸಿದ್ಧ ದಾರಂದ ಗಾಡಿಯಲ್ಲಿ ಬರುತ್ತದೆ; ಅದನ್ನು ಕೂರಿಸುವವನು ಬೇರೆ, ಎಸ್‌ಜೆಪಿ ರಸ್ತೆಯ ಅಂಗಡಿಯಿಂದ ತಂದ ಬೀಗ ಜೋಡಿಸುವವನು ಮತ್ತೂ ಬೇರೆ. ಹೋಲ್ಡ್‌ಫಾಸ್ಟಿನ ಬದಲು ಉದ್ದ ಸ್ಕ್ರೂಗಳೂ, ಗೋಡೆಯ ರಂಧ್ರದೊಳಗೆ ಅರಳಿಕೊಂಡು ಹಿಡಿಯುವ ಆ್ಯಂಕರ್ ಬೋಲ್ಟುಗಳೂ, ಸಂದಿಯಲ್ಲಿ ಉಬ್ಬಿ ಗಟ್ಟಿಯಾಗುವ ಫೋಮೂ ಬಂದವು. ಗಟ್ಟಿ ಇಟ್ಟಿಗೆಯಲ್ಲಿ ಆ್ಯಂಕರ್ ಚೆನ್ನಾಗಿಯೇ ಹಿಡಿಯುತ್ತದೆ. ಟೊಳ್ಳು ಬ್ಲಾಕಿನಲ್ಲೂ, ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕಿನಲ್ಲೂ ಅದಕ್ಕೆಂದೇ ಮಾಡಿದ ಬೋಲ್ಟು ಹಾಕದಿದ್ದರೆ ಹಿಡಿತ ಸಡಿಲ. ಫೋಮು ಸಂದಿಯನ್ನು ಮುಚ್ಚುತ್ತದೆಯೇ ಹೊರತು ಹಾರೆಯ ಮೀಟನ್ನು ತಡೆಯಲಾರದು. ಕೆಲಸ ಹಂಚಿಕೊಂಡ ನಾಲ್ವರಲ್ಲಿ ದಾರಂದದ ಹಿಂದಿನ ಈ ಸಂದಿಗೆ ಹೊಣೆಗಾರರು ಯಾರೂ ಇಲ್ಲದಂತಾಯಿತು.

ಬಾಗಿಲು ಒಡೆಯುವ ಬಗೆಯನ್ನು ನೋಡಿದರೆ ಆ ಸಂದಿಯ ಮಹತ್ವ ಸ್ಪಷ್ಟವಾಗುತ್ತದೆ. ಕಳ್ಳನು ಬೀಗದ ಪಕ್ಕದಲ್ಲಿ ಕದಕ್ಕೂ ದಾರಂದಕ್ಕೂ ನಡುವೆ ಸಲಾಕೆಯ ಚಪ್ಪಟೆ ತುದಿಯನ್ನು ತೂರಿಸಿ ಮೀಟುತ್ತಾನೆ. ನಿಲುವಿನ ಹಿಂದೆ ಗಾರೆ ತುಂಬದೆ ಟೊಳ್ಳಿದ್ದರೆ ನಿಲುವು ಬಿಲ್ಲಿನಂತೆ ಬಾಗುತ್ತದೆ. ಬೀಗದಿಂದ ಹೊರಚಾಚಿದ ನಾಲಿಗೆಯ ಉದ್ದ ಹೆಚ್ಚೆಂದರೆ ಅಂಗುಲದಷ್ಟಿರುವುದರಿಂದ, ಅಷ್ಟು ಬಾಗಿದರೆ ಬೀಗ ಮುರಿಯದೆಯೇ ಬಾಗಿಲು ತೆರೆದುಕೊಳ್ಳುತ್ತದೆ. ಒದ್ದು ತೆರೆಯುವಾಗಲೂ ಸೋಲುವುದು ಬೀಗವಲ್ಲ. ಬೀಗದ ನಾಲಿಗೆ ಹೊಗುವ ತೂತನ್ನು ದಾರಂದದಲ್ಲಿ ಕೊರೆದು ಅದರ ಮೇಲೆ ಒಂದು ಪುಟ್ಟ ತಗಡು ಕೂರಿಸುತ್ತಾರೆ. ಆ ತಗಡನ್ನು ಹಿಡಿದಿರುವುದು ಅರ್ಧ, ಮುಕ್ಕಾಲು ಅಂಗುಲದ ಎರಡು ಸ್ಕ್ರೂಗಳು, ತೂತಿಗೂ ಮರದ ಅಂಚಿಗೂ ನಡುವೆ ಉಳಿದಿರುವುದು ಬೆರಳಗಲದ ಮರ. ಒದೆತದ ಬಲವೆಲ್ಲ ಆ ಬೆರಳಗಲದ ಮೇಲೆ ಬಿದ್ದು ಅದು ಎಳೆಯುದ್ದಕ್ಕೂ ಸೀಳುತ್ತದೆ. ಗೆದ್ದಲು ಹಿಡಿದ ದಾರಂದವಾದರೆ ಬಣ್ಣದ ಪದರದ ಹಿಂದೆ ಹುಡಿಯಷ್ಟೇ ಉಳಿದಿರುತ್ತದೆ.

ಬಲಪಡಿಸುವ ಕೆಲಸಗಳೆಲ್ಲ ಬಿದ್ದ ಪೆಟ್ಟನ್ನು ಮತ್ತೆ ಗೋಡೆಗೆ ದಾಟಿಸುವ ಉಪಾಯಗಳೇ. ಬೀಗದ ಎತ್ತರದಲ್ಲೂ ಬಿಜಾಗರಿಗಳ ಹಿಂದೆಯೂ ಸಂದಿಯನ್ನು ಬಿಡಿಸಿ ಗಾರೆಯನ್ನೋ ಗಟ್ಟಿಮರದ ಬಿಲ್ಲೆಗಳನ್ನೋ ಗಿಡಿಯಬೇಕು. ದಾರಂದವನ್ನು ದಾಟಿ ಗೋಡೆಯೊಳಗೆ ಎರಡು ಮೂರು ಅಂಗುಲ ಇಳಿಯುವ ಬೋಲ್ಟುಗಳನ್ನು ಹಾಕಬೇಕು. ಪುಟ್ಟ ತಗಡಿನ ಬದಲು ಎರಡು ಮೂರು ಅಡಿ ಉದ್ದದ ಉಕ್ಕಿನ ಪಟ್ಟಿಯನ್ನು ನಿಲುವಿನುದ್ದಕ್ಕೆ ಹಾಕಿ, ಸಾಲಾಗಿ ಉದ್ದ ಸ್ಕ್ರೂಗಳಿಂದ ಬಿಗಿದರೆ ಬಲ ಒಂದೇ ಬಿಂದುವಿನಲ್ಲಿ ನಿಲ್ಲದೆ ಹರಡಿಕೊಳ್ಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಬಿಜಾಗರಿಯ ಕಡ್ಡಿ ಹೊರಗಡೆಯೇ ಇರುವುದರಿಂದ, ಅದನ್ನು ತೆಗೆದರೂ ಕದ ಕಳಚದಂತೆ ಕದದ ಅಂಚಿನಿಂದ ದಾರಂದದೊಳಗೆ ಹೊಗುವ ಉಕ್ಕಿನ ಗೂಟಗಳು ಬೇಕು. ಹೊರಗಿನಿಂದ ಗ್ರಿಲ್ ಬಾಗಿಲು ಹಾಕಿಸುವ ರೂಢಿ ನಗರಗಳಲ್ಲಿ ವ್ಯಾಪಕವಾಗಿದೆ. ಅದರ ಚೌಕಟ್ಟನ್ನೂ ಗೋಡೆಗೆ ಬಿಗಿಯದೆ ಮರದ ದಾರಂದಕ್ಕೇ ಸ್ಕ್ರೂ ಹೊಡೆದಿದ್ದರೆ ಹಳೆಯ ದೌರ್ಬಲ್ಯವೇ ಅಲ್ಲಿಗೂ ಬರುತ್ತದೆ. ಯಾವ ಬಿಗಿತವಾದರೂ ಬೆಂಕಿ ಬಿದ್ದಾಗ ಒಳಗಿನವರು ಬೀಗದ ಕೈ ಹುಡುಕದೆ ಹೊರಬರುವುದಕ್ಕೆ ಅಡ್ಡಿಯಾಗಬಾರದೆಂಬ ನಿಯಮವನ್ನು ಮರೆಯುವಂತಿಲ್ಲ.

ಯುರೋಪಿನಲ್ಲಿ ಕಳವು ತಡೆಯುವ ಬಾಗಿಲುಗಳನ್ನು ದರ್ಜೆಗಳಾಗಿ ವಿಂಗಡಿಸುವ ಇಎನ್ 1627 ಎಂಬ ಮಾನಕವೂ ಬೀಗವನ್ನೊಂದೇ ಪರೀಕ್ಷಿಸುವುದಿಲ್ಲ. ಕದ, ದಾರಂದ, ಬಿಜಾಗರಿ, ಬೀಗಗಳನ್ನು ಒಟ್ಟಾಗಿ ಜೋಡಿಸಿ, ನಿಗದಿತ ಉಪಕರಣಗಳಿಂದ ಎರಡನೆಯ ದರ್ಜೆಗೆ ಮೂರು ನಿಮಿಷ, ಮೂರನೆಯದಕ್ಕೆ ಐದು ನಿಮಿಷ ಮುರಿಯಲು ಯತ್ನಿಸಿ ನೋಡುತ್ತದೆ. ಅಂಥ ಬಾಗಿಲನ್ನು ಯಾವ ಬಗೆಯ ಗೋಡೆಗೆ ಹೇಗೆ ಕೂರಿಸಬೇಕೆಂಬುದನ್ನೂ ಅಲ್ಲಿ ಹೇಳಿರುತ್ತಾರೆ. ಎಷ್ಟು ಗಟ್ಟಿಯಾದ ಬಾಗಿಲೂ ಕೊಡುವುದು ಕೆಲವು ನಿಮಿಷಗಳ ಅವಕಾಶವನ್ನಷ್ಟೇ ಎಂಬುದನ್ನೂ, ಆ ನಿಮಿಷಗಳನ್ನು ಗಳಿಸಿಕೊಡುವುದು ಇಡೀ ಜೋಡಣೆ ಎಂಬುದನ್ನೂ ಈ ಪರೀಕ್ಷೆ ಒಪ್ಪಿಕೊಂಡಿದೆ. ಆದುದರಿಂದ ಹಳೆಯ ಬಾಗಿಲನ್ನು ಭದ್ರಪಡಿಸಬೇಕೆನ್ನುವವರು ಇನ್ನೊಂದು ದುಬಾರಿ ಬೀಗ ತರುವ ಮೊದಲು ದಾರಂದವನ್ನು ಮೇಲಿನಿಂದ ಕೆಳಗಿನವರೆಗೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ, ಬಡಗಿಯನ್ನೂ ಗಾರೆಯವನನ್ನೂ ಒಂದೇ ದಿನ ಮನೆಗೆ ಕರೆಸುವುದು ಲೇಸು.