ದೂರದ ಪ್ರಯೋಗಾಲಯ

ಮಕ್ಕಳೇ, ಜರ್ಮನಿಯಿಂದ ಬಂದ ಆ ಪತ್ರವನ್ನು ನಾನು ಮರೆತಿಲ್ಲ. ನನಗೆ ಹಂಬೋಲ್ಟ್ ಫೆಲೋಶಿಪ್ ದೊರೆತಿತ್ತು.

ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಯಾರು ಗೊತ್ತೇ? 1799ರಿಂದ 1804ರವರೆಗೆ ಅಮೆರಿಕ ಖಂಡಗಳಲ್ಲಿ ಸಂಚರಿಸಿ, ಗಿಡಮರಗಳನ್ನೂ ಬೆಟ್ಟಗಳನ್ನೂ ಅಭ್ಯಾಸ ಮಾಡಿದ ಜರ್ಮನಿಯ ವಿಜ್ಞಾನಿ. ಅವರ ಹೆಸರಿನ ಪ್ರತಿಷ್ಠಾನವು 1953ರಲ್ಲಿ ಮತ್ತೆ ಆರಂಭವಾಯಿತು. ಅದು ಬೇರೆ ದೇಶಗಳ ವಿಜ್ಞಾನಿಗಳನ್ನು ಜರ್ಮನಿಗೆ ಕರೆಸಿ, ಸಂಶೋಧನೆಗೆ ಹಣ ಕೊಡುತ್ತದೆ.

ಆದರೆ ನನಗೆ ಜರ್ಮನ್ ಭಾಷೆ ಬರುತ್ತಿರಲಿಲ್ಲ. ಹೋಗುವುದೇ ಬೇಡವೆನಿಸಿತು. ಅಮ್ಮ ನಕ್ಕು, “ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಕಲಿತವಳಿಗೆ ಇನ್ನೊಂದು ಭಾಷೆ ಕಷ್ಟವೇ?” ಎಂದರು. ನನಗೆ ಧೈರ್ಯ ಬಂದಿತು.

ಅಲ್ಲಿ ಮೊದಲು ಭಾಷೆಯ ತರಗತಿಗೆ ಸೇರಿದೆ. ಬೇರೆ ದೇಶಗಳಿಂದ ಬಂದ ವಿಜ್ಞಾನಿಗಳೂ ನನ್ನಂತೆಯೇ ತಡವರಿಸುತ್ತಿದ್ದರು! ತಪ್ಪು ಮಾಡುತ್ತ, ನಗುತ್ತ ಎಲ್ಲರೂ ಕಲಿತೆವು.

ನೀವೂ ಗಡಿನಾಡಿನ ಮಕ್ಕಳು. ನಿಮಗೆ ಎಷ್ಟು ಭಾಷೆಗಳು ಬರುತ್ತವೆ? ಎಣಿಸಿ ನೋಡಿರಿ.